ನಕಲು ಬೇರೆ, ನಕಲಿ ಬೇರೆ

ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಈ ಎರಡು ಪದಗಳ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯ ದೃಢೀಕೃತ ನಕಲು ತಗೊಂಡು ಹೋದರೆ ಬ್ಯಾಂಕಿನವರು ಕೂರಿಸಿ ಮಾತಾಡಿಸುತ್ತಾರೆ. ನಕಲಿ ಪಹಣಿ ತಗೊಂಡು ಹೋದರೆ ಪೊಲೀಸರು ಕೂರಿಸಿ ಮಾತಾಡಿಸುತ್ತಾರೆ. ನಕಲು ಅಂದರೆ ‘ನಾನು ಮೂಲ ಅಲ್ಲ, ಮೂಲ ಬೇರೆ ಕಡೆ ಇದೆ’ ಎಂದು ತಾನೇ ಹೇಳಿಕೊಳ್ಳುವಂಥದ್ದು. ನಕಲಿ ಆ ಮಾತನ್ನು ಮುಚ್ಚಿಡುತ್ತದೆ.

ಕಾಗದದ ವಿಷಯದಲ್ಲಿ ಇಷ್ಟು ಸಲೀಸಾದ ಲೆಕ್ಕ ಕಾರಿನ ವಿಷಯಕ್ಕೆ ಬಂದಾಗ ಎಷ್ಟು ಗೋಜಲಾಗುತ್ತೆ ಅಂತ ನನಗೆ ತಿಳಿದದ್ದು ಮಾಗಡಿಯ ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ. ಅವರು ಬಿಟ್ಟು ಹೋಗಿದ್ದು ಒಂದು ಹೆಂಚಿನ ಮನೆ, ಒಂದೂವರೆ ಎಕರೆ ಹೊಲ, ಒಂದು ಲೇತ್ ಮಷೀನು, ಮತ್ತೆ ಊರೆಲ್ಲ ‘ಎಂಜಿ’ ಅಂತ ಕರೀತಿದ್ದ ಒಂದು ಹಸಿರು ಕಾರು. ಮನೆ, ಹೊಲ, ಲೇತ್‌ಗೆ ಬೆಲೆ ಕಟ್ಟೋದು ಅರ್ಧ ದಿನದ ಕೆಲಸವಾಯ್ತು. ಕಾರಿಗೆ ಬೆಲೆ ಕಟ್ಟೋಕೆ ಐದು ತಿಂಗಳು ಹಿಡೀತು.

ಹಲಸಿನ ಮರದ ಎಂಜಿ

ಈಗ ಎಂಜಿ ಅಂದರೆ ನಮಗೆಲ್ಲ ನೆನಪಾಗೋದು 2019ರಲ್ಲಿ ಬಂದ ಹೆಕ್ಟರ್. ದೊಡ್ಡಪ್ಪನ ತಲೆಯಲ್ಲಿದ್ದ ಎಂಜಿ ಬೇರೆ. ಉದ್ದ ಮೂತಿ, ಎರಡೇ ಸೀಟು, ಮೇಲೆ ತಗಡಿನ ಚಾವಣಿ ಇಲ್ಲದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಅದರಲ್ಲೂ ‘ಟಿಸಿ’ ಮಾದರಿ. 1945ರಿಂದ 1949ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ಸುಮಾರು 10 ಸಾವಿರ ಟಿಸಿಗಳು ತಯಾರಾದವು. 1250 ಸಿಸಿ ಎಂಜಿನ್, 54 ಅಶ್ವಶಕ್ತಿ. ಸೈಕಲ್ಲಿನ ಹಾಗೆ ಕಡ್ಡಿಗಳಿರುವ 19 ಇಂಚಿನ ಚಕ್ರ, ಹಿಂದುಗಡೆ ಕೀಲಿರುವ ಬಾಗಿಲು, ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು. ಮೈ ಕಬ್ಬಿಣದ್ದೇ ಆದರೂ ಒಳಗಿನ ಅಸ್ಥಿಪಂಜರ ಆಶ್ ಮರದ್ದು. ಅಮೆರಿಕಕ್ಕೆ ಹೋಗಿದ್ದು ಬರೀ 2 ಸಾವಿರದಷ್ಟು ಗಾಡಿ, ಅವೂ ಬಲಗಡೆ ಸ್ಟೀರಿಂಗಿನವು. ಆದರೂ ಆ ದೇಶಕ್ಕೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿಸಿದ್ದು ಇದೇ ಅಂತಾರೆ.

ದೊಡ್ಡಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಟರ್ನರ್. ಬೆಳಗ್ಗೆ ಮಾಗಡಿಯಿಂದ ಬಸ್ಸು, ಸಂಜೆ ಮತ್ತೆ ಮಾಗಡಿಗೆ ಬಸ್ಸು. ಎಪ್ಪತ್ತರ ದಶಕದಲ್ಲಿ ಒಂದಿನ ದಂಡಿನ ಕಡೆ ಯಾವುದೋ ಬಂಗಲೆ ಮುಂದೆ ನಿಂತಿದ್ದ ಟಿಸಿಯನ್ನು ಕಂಡರಂತೆ. ‘ಕಾರಲ್ಲ ಕಣ್ಲಾ ಅದು, ಕುದುರೆ’ ಅಂತ ನಮ್ಮಪ್ಪನ ಹತ್ತಿರ ಹೇಳಿದ್ದರಂತೆ. ಕೊಳ್ಳೋ ಮಾತು ದೂರ. ಹಾಗಾಗಿ ಮಾಡೋಣ ಅಂದುಕೊಂಡರು.

1989ರಲ್ಲಿ ಅಪಘಾತವಾಗಿ ಮೈ ನಜ್ಜುಗುಜ್ಜಾಗಿದ್ದ ಒಂದು ಪ್ರೀಮಿಯರ್ ಪದ್ಮಿನಿ ಕಡಿಮೆಗೆ ಸಿಕ್ಕಿತು. ಪದ್ಮಿನಿಗೆ ಪ್ರತ್ಯೇಕ ಚಾಸಿ ಅನ್ನೋದಿಲ್ಲ, ಮೈಯೇ ಅದರ ಚೌಕಟ್ಟು. ಟಿಸಿಗೆ ಏಣಿಯಂಥ ಚಾಸಿ ಬೇಕು. ದೊಡ್ಡಪ್ಪ ಸಿ-ಚಾನೆಲ್ ಕಬ್ಬಿಣ ತಂದು ಏಣಿ ಬೆಸೆದರು. ಅದೃಷ್ಟಕ್ಕೆ ಎರಡು ಕಾರುಗಳ ಚಕ್ರಗಳ ನಡುವಿನ ಅಂತರದಲ್ಲಿ ಎರಡು ಇಂಚು ಕೂಡ ವ್ಯತ್ಯಾಸವಿಲ್ಲ: ಪದ್ಮಿನಿಯದು 2340 ಮಿಲಿಮೀಟರ್, ಟಿಸಿಯದು 94 ಇಂಚು. ಆಶ್ ಮರ ಎಲ್ಲಿಂದ ತರೋದು? ಹಿತ್ತಲಲ್ಲಿ ಗಾಳಿಗೆ ಬಿದ್ದಿದ್ದ ಹಲಸಿನ ಮರ ಕುಯ್ಸಿ ಚೌಕಟ್ಟು ಮಾಡಿದರು. ಮಡ್‌ಗಾರ್ಡುಗಳನ್ನು ಮರಳು ಚೀಲದ ಮೇಲೆ ತಗಡಿಟ್ಟು ಬಡಿದು ಬಡಿದು ಬಗ್ಗಿಸಿದ್ದು ಪೇಟೆಯ ಒಬ್ಬ ಟಿಂಕರ್. ಎಂಜಿನ್ ಪದ್ಮಿನಿಯ 1089 ಸಿಸಿಯದ್ದೇ. ಗೇರು ಸ್ಟೀರಿಂಗ್ ಕಂಬದ ಮೇಲೇ ಉಳೀತು. ಕಡ್ಡಿ ಚಕ್ರ ಸಿಗಲಿಲ್ಲ. ಪದ್ಮಿನಿಯ 14 ಇಂಚಿನ ಚಕ್ರಗಳೇ ಬಂದವು. ಅದರಿಂದ ಗಾಡಿ ಸ್ವಲ್ಪ ಕುಳ್ಳು ಕಾಲಿನ ಕುದುರೆ ಥರ ಕಾಣ್ತಿತ್ತು.

ಮೂರು ವರ್ಷ ಹಿಡೀತು. ಭಾನುವಾರಗಳು, ಹಬ್ಬದ ರಜೆಗಳು, ರಾತ್ರಿ ಪಾಳಿ ಮುಗಿದ ಬೆಳಗುಗಳು. 1992ರಲ್ಲಿ ಮೊದಲ ಸಲ ತಿರುಮಲೆಯ ರಂಗನಾಥಸ್ವಾಮಿ ಗುಡಿ ಮುಂದೆ ನಿಂಬೆಹಣ್ಣು ತುಳಿಸಿ ಪೂಜೆ ಮಾಡಿಸಿದರು. ಅವತ್ತಿನಿಂದ ಅದು ‘ಎಂಜಿ’. ಯಾರಾದರೂ ‘ಇದು ಇಂಗ್ಲೆಂಡಿಂದಾ?’ ಅಂತ ಕೇಳಿದರೆ ದೊಡ್ಡಪ್ಪ ‘ಊಂ, ಇಂಗ್ಲೆಂಡಿನ ಮೂತಿ, ಬೊಂಬಾಯಿ ಹೊಟ್ಟೆ, ಮಾಗಡಿ ಮೂಳೆ’ ಅನ್ನೋರು. ಕೇಳಿದವರಿಗೆಲ್ಲ ಇದೇ ಉತ್ತರ. ಮುಚ್ಚಿಟ್ಟವರಲ್ಲ.

ಎರಡು ಬೆಲೆ

ದೊಡ್ಡಪ್ಪನ ಮಗಳು, ನಮ್ಮಕ್ಕ, ತುಮಕೂರಲ್ಲಿರೋದು. ಮನೇಲಿ ದೊಡ್ಡಮ್ಮ ಒಬ್ಬರೇ. ಮಳೆಗಾಲ ಬಂತು ಅಂದರೆ ಮೂರು ಕೋಣೆ ಸೋರುತ್ತೆ. ತಾರಸಿ ಹಾಕಿಸೋಕೆ ಮೇಸ್ತ್ರಿ ಏಳು ಲಕ್ಷ ಹೇಳಿದ್ದ. ಕಾರು ಮಾರೋಣ ಅನ್ನೋ ಮಾತು ಹೀಗೆ ಬಂತು. ಬೆಂಗಳೂರಲ್ಲಿರೋನು ನಾನು ಅಂತ ಗಿರಾಕಿ ಹುಡುಕೋ ಕೆಲಸ ನನಗೆ ಬಿತ್ತು.

ಹಳೇ ಕಾರುಗಳ ಒಬ್ಬ ದಲ್ಲಾಳಿ ಬಂದು ನೋಡಿದರು. ಬಾನೆಟ್ ಎತ್ತೋಕೆ ಮುಂಚೆಯೇ, ಚಕ್ರ ನೋಡಿಯೇ ಅವರಿಗೆ ಗೊತ್ತಾಗಿತ್ತು. ಒಂದು ಸುತ್ತು ಬಂದು ನನ್ನನ್ನು ಪಕ್ಕಕ್ಕೆ ಕರೆದು ಎರಡು ಬೆಲೆ ಹೇಳಿದರು.

‘ಇರೋ ಹಾಗೆ ಕೊಡ್ತೀರಾ, ಎರಡು ಲಕ್ಷ. ಅದರ ಮೇಲೆ ಕೇಳ್ಬೇಡಿ. ಇನ್ನೊಂದು ದಾರಿ ಇದೆ. ಚಕ್ರ, ಗೇರು, ಡ್ಯಾಶ್‌ಬೋರ್ಡು ನಾನು ಹೊಂದಿಸ್ತೀನಿ. ನೀವು 1948ರಿಂದ ಇದು ನಮ್ಮ ಮನೇಲೇ ಇತ್ತು ಅಂತ ಒಂದು ಅಫಿಡವಿಟ್ ಕೊಡಿ. ಒಂಬತ್ತು ಲಕ್ಷ.’

ಗಮನಿಸಿ. ಕಾರು ಅದೇ. ಲೋಹ ಅದೇ, ಮರ ಅದೇ, ಓಡೋ ರೀತಿಯೂ ಅದೇ. ಏಳು ಲಕ್ಷದ ವ್ಯತ್ಯಾಸ ಒಂದು ಹಾಳೆಯದ್ದು. ತಾರಸಿಯ ಖರ್ಚೂ ಏಳು ಲಕ್ಷ.

ಅಕ್ಕನ ವಾದವನ್ನು ತಳ್ಳಿಹಾಕೋದು ಸುಲಭ ಇರಲಿಲ್ಲ. ‘ಯಾರಿಗೆ ಮೋಸ ಆಗುತ್ತೆ ಹೇಳು? ತಗೊಳ್ಳೋನು ಯಾವನೋ ಕೋಟಿವಂತ. ಅವನಿಗೆ ಬಂಗಲೆ ಮುಂದೆ ನಿಲ್ಸೋಕೆ ಚೆಂದದ್ದೊಂದು ಬೇಕು, ಅದು ಸಿಗುತ್ತೆ. ಅವನಿಗೆ ಖುಷಿ, ಅಮ್ಮನಿಗೆ ತಾರಸಿ. ಕಣ್ಣಿಗೆ ವ್ಯತ್ಯಾಸ ಕಾಣದೇ ಇದ್ದ ಮೇಲೆ ಅಸಲಿ ಅಂದ್ರೇನು, ನಕಲಿ ಅಂದ್ರೇನು?’

ಆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಮೆಟ್ರೋದಲ್ಲಿ ಹೋಗ್ತಾ ಬರ್ತಾ ಫೋನಿನಲ್ಲಿ ಓದ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಗೊತ್ತಾಯ್ತು: ಇದೇ ಪ್ರಶ್ನೆ ಕೋಟಿಗಟ್ಟಲೆ ಬೆಲೆಯ ಕಾರುಗಳವರಿಗೂ ತಲೆನೋವು ತಂದಿದೆ.

ಮೂಲ ಅಂದರೆ ಯಾವುದು?

1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಒಂದು ಮೊಕದ್ದಮೆ ನಡೆಯಿತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ರೇಸ್ ಕಾರಿನದ್ದು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸನ್ನು ಸತತ ಎರಡು ಸಲ ಗೆದ್ದ ಕಾರು. ಒಂದು ಕೋಟಿ ಪೌಂಡಿಗೆ ವ್ಯಾಪಾರ ಕುದುರಿತ್ತು. ಕೊಳ್ಳುವವರು ಆಮೇಲೆ ಹಿಂದೆ ಸರಿದರು. ‘ಇದರಲ್ಲಿ ಆ ಕಾಲದ ಭಾಗಗಳೇ ಉಳಿದಿಲ್ಲ, ಇದು ಆ ಕಾರೇ ಅಲ್ಲ’ ಅಂದರು. ನಿಜವೇ. ರೇಸಿನಿಂದ ರೇಸಿಗೆ ಎಂಜಿನ್ ಬದಲಾಗಿತ್ತು, ಚಾಸಿ ಬದಲಾಗಿತ್ತು, ಮೈಯೂ ಬದಲಾಗಿತ್ತು. ನ್ಯಾಯಾಧೀಶರು ಪದಗಳನ್ನು ಒಂದೊಂದಾಗಿ ತೂಗಿದರು. ಭಾಗಗಳ ಲೆಕ್ಕದಲ್ಲಿ ಇದನ್ನು ‘ಮೂಲ’ ಅನ್ನಲಾಗದು. ಆದರೆ ಇದು ‘ನಕಲು’ ಕೂಡ ಅಲ್ಲ. ಯಾವ ಹಂತದಲ್ಲೂ ಕಡಿಯದ ಒಂದು ಚರಿತ್ರೆ ಇದಕ್ಕಿದೆ, ಆದ್ದರಿಂದ ಇದು ಅಧಿಕೃತವಾಗಿ ಅದೇ ಕಾರು ಅಂತ ತೀರ್ಪು ಕೊಟ್ಟರು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ತೇರುಗಳು. ಹಗ್ಗ ಬದಲಾಗುತ್ತೆ, ಗಾಲಿ ಬದಲಾಗುತ್ತೆ, ಅಚ್ಚು ಬದಲಾಗುತ್ತೆ. ಆದರೂ ‘ಹೋದ ವರ್ಷ ಎಳೆದ ತೇರು’ ಅಂತಲೇ ಎಳೀತೀವಿ.

ಇದಕ್ಕೆ ತದ್ವಿರುದ್ಧವಾದದ್ದು ಜಾಗ್ವಾರ್ ಕಂಪನಿಯ ಕಥೆ. 1957ರ ಫೆಬ್ರವರಿಯಲ್ಲಿ ಅವರ ಕಾರ್ಖಾನೆಗೆ ಬೆಂಕಿ ಬಿದ್ದು ಒಂಬತ್ತು ‘ಎಕ್ಸ್‌ಕೆಎಸ್‌ಎಸ್’ ಕಾರುಗಳು ಸುಟ್ಟುಹೋದವು. ಸುಮಾರು 60 ವರ್ಷಗಳ ನಂತರ, 2016ರಲ್ಲಿ, ಆ ಒಂಬತ್ತನ್ನು ಹೊಸದಾಗಿ ಕಟ್ಟಿಕೊಡ್ತೀವಿ ಅಂತ ಅದೇ ಕಂಪನಿ ಪ್ರಕಟಿಸಿತು. ಬೆಲೆ ಒಂದೊಂದಕ್ಕೂ 10 ಲಕ್ಷ ಪೌಂಡಿಗಿಂತ ಹೆಚ್ಚು. ಇಲ್ಲಿ ಒಂದೇ ಒಂದು ಹಳೇ ಬೋಲ್ಟೂ ಇಲ್ಲ, ಆದರೆ ಕಂಪನಿ ಅದೇ, ನಕ್ಷೆ ಅದೇ. ಇದು ಅಸಲಿಯೋ ನಕಲೋ? ಅವರು ಎರಡೂ ಅನ್ನದೆ ‘ಮುಂದುವರಿಕೆ’ ಅಂತ ಹೊಸ ಪದ ಇಟ್ಟುಕೊಂಡರು.

ಇನ್ನು ಫೆರಾರಿಯ 250 ಜಿಟಿಓ. 1962ರಿಂದ 1964ರವರೆಗೆ ಕಟ್ಟಿದ್ದು 36 ಮಾತ್ರ. 2018ರಲ್ಲಿ ಅದರಲ್ಲೊಂದು ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಮರುವರ್ಷ ಇಟಲಿಯ ಬೊಲೊನಾದ ನ್ಯಾಯಾಲಯ ಅದರ ಆಕಾರವೇ ಒಂದು ಕಲಾಕೃತಿ, ಬೇರೆಯವರು ಅದನ್ನು ಕಾಪಿ ಮಾಡಿ ಮಾರುವಂತಿಲ್ಲ ಅಂದಿತು.

ಆದರೆ ನನಗೆ ಹತ್ತಿರವಾಗಿದ್ದು ಲೋಟಸ್ ಸೆವೆನ್. 1957ರಲ್ಲಿ ಬಂದ ಈ ಪುಟ್ಟ ಕಾರನ್ನು ಕಂಪನಿಯೇ ಬಿಡಿಭಾಗಗಳ ಕಿಟ್ ಆಗಿ ಮಾರುತ್ತಿತ್ತು. ತಗೊಂಡವರು ಮನೆ ಶೆಡ್ಡಿನಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಲೋಟಸ್ ಕಟ್ಟಿದ ಕಾಲಿನ್ ಚಾಪ್ಮನ್ ತನ್ನ ಮೊದಲ ಕಾರನ್ನು ಮಾಡಿದ್ದೂ ಒಂದು ಹಳೇ ಆಸ್ಟಿನ್ ಸೆವೆನ್ ಬಿಚ್ಚಿ. 1973ರಲ್ಲಿ ಸೆವೆನ್‌ನ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಸಂಸ್ಥೆ ಕೊಂಡಿತು, ಇವತ್ತಿಗೂ ಮಾಡುತ್ತಿದೆ. ನಮ್ಮ ದೇಶದಲ್ಲೇ ಚಿಂಕಾರ ಮೋಟರ್ಸ್ ಅನ್ನುವವರು ಇದೇ ಆಕಾರದ ರೋಡ್‌ಸ್ಟರನ್ನು ಫೈಬರ್ ಮೈ ಹಾಕಿ, ಕಾಂಟೆಸ್ಸಾದಲ್ಲಿದ್ದ ಇಸುಜು 1.8 ಲೀಟರ್ ಎಂಜಿನ್ ಕೂರಿಸಿ ಮಾರಿದರು. ಅಮೆರಿಕದಲ್ಲಿ ಎಂಜಿ ಆಕಾರದ ಮೈಯನ್ನು ಫೋಕ್ಸ್‌ವ್ಯಾಗನ್ ಬೀಟಲ್ ಮೇಲೆ ಕೂರಿಸುವ ಕಿಟ್‌ಗಳೇ ಇದ್ದವು. ಮುಂದೆ ಗಂಭೀರವಾದ ರೇಡಿಯೇಟರ್ ಜಾಲರಿ, ಅದರ ಹಿಂದೆ ಏನೂ ಇಲ್ಲ, ಎಂಜಿನ್ ಹಿಂದುಗಡೆ! ಅದಕ್ಕೆ ಹೋಲಿಸಿದರೆ ನಮ್ಮ ದೊಡ್ಡಪ್ಪನ ಗಾಡಿಯಲ್ಲಿ ಎಂಜಿನ್ ಇರಬೇಕಾದ ಜಾಗದಲ್ಲೇ ಇತ್ತು.

ಹಾಗಾದರೆ ಎಂಜಿ ಅನ್ನೋ ಹೆಸರಿನ ಗತಿ ಏನು? ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಎಂಜಿ ರೋವರ್ ಕಂಪನಿ 2005ರಲ್ಲಿ ಮುಳುಗಿ ಹೆಸರು ಚೀನಾದವರ ಕೈಸೇರಿತು. ಇವತ್ತು ನಮ್ಮ ರಸ್ತೆಯಲ್ಲಿ ಓಡೋ ಎಂಜಿಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತವೆ. ಅವಕ್ಕೆ ಲಾಂಛನದ ಹಕ್ಕಿದೆ, ಕಾನೂನು ಪ್ರಕಾರ ಅವೇ ಎಂಜಿ. ದೊಡ್ಡಪ್ಪನ ಕಾರಿಗೆ ಆ ಹಕ್ಕಿಲ್ಲ. ಮೂತಿ ಮಾತ್ರ ಆ ವಂಶದ್ದು. ಮಾಗಡಿಯೂ ಹಾಗೇ ನೋಡಿ: ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯ್ತು, 2007ರಲ್ಲಿ ರಾಮನಗರವಾಯ್ತು, 2025ರಲ್ಲಿ ಬೆಂಗಳೂರು ದಕ್ಷಿಣವಾಯ್ತು. ಬೋರ್ಡು ಬದಲಾಯ್ತು, ಸಾವನದುರ್ಗದ ಬಂಡೆ ಮಾತ್ರ ಅಲ್ಲೇ ಇದೆ.

ಕಾನೂನು ಏನನ್ನುತ್ತೆ?

ನಮ್ಮ ದೇಶದ ಕಾನೂನಿಗೆ ಈ ತತ್ವಜ್ಞಾನ ಬೇಡ, ನೇರವಾದ ಗೆರೆ ಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅಂಥ ಗಾಡಿಗೆ ‘ವಿಎ’ ಅಕ್ಷರಗಳಿರುವ ಬೇರೆಯದೇ ನಂಬರ್ ಪ್ಲೇಟು. ನೋಂದಣಿಗೆ 20 ಸಾವಿರ ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5 ಸಾವಿರ. ಈ ಮೂರು ಪರೀಕ್ಷೆಯಲ್ಲಿ ನಮ್ಮ ಎಂಜಿ ಮೂರರಲ್ಲೂ ಫೇಲು.

ಅಷ್ಟೇ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ಕೊಟ್ಟ ಮೂಲ ವಿವರಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ನಮ್ಮ ಕಾರಿನ ಆರ್‌ಸಿ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು: ಪ್ರೀಮಿಯರ್ ಪದ್ಮಿನಿ, ಸಲೂನ್, ನಾಲ್ಕು ಬಾಗಿಲು. ಎದುರಿಗೆ ನಿಂತಿದ್ದದ್ದು ಎರಡು ಬಾಗಿಲಿನ, ಚಾವಣಿ ಇಲ್ಲದ ಹಸಿರು ಗಾಡಿ. ಆರ್‌ಸಿ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು, ದೊಡ್ಡಪ್ಪ ಆಮೇಲೆ ಅದನ್ನು ಹಿತ್ತಲಿಂದ ಅಂಗಳಕ್ಕೆ, ಅಂಗಳದಿಂದ ಹಿತ್ತಲಿಗೆ ಬಿಟ್ಟರೆ ಓಡಿಸುತ್ತಿರಲಿಲ್ಲ. ಅಂದರೆ ಕೊಂಡವರು ಅದನ್ನು ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕೆ ಇಟ್ಟುಕೊಳ್ಳಬಹುದು, ಅಷ್ಟೇ.

ದಲ್ಲಾಳಿಯ ಒಂಬತ್ತು ಲಕ್ಷದ ದಾರಿ ಎಂಥದ್ದು ಅಂತ ಇಲ್ಲಿ ಪೂರ್ತಿ ಸ್ಪಷ್ಟವಾಯ್ತು. ಅಫಿಡವಿಟ್‌ಗೆ ಸಹಿ ಹಾಕೋರು ದೊಡ್ಡಮ್ಮ. ನಾಳೆ ಯಾರಾದರೂ ಚಾಸಿ ನಂಬರ್ ತಾಳೆ ನೋಡಿದರೆ, 1948ರಲ್ಲಿ ಹುಟ್ಟೇ ಇರದ ಕಾರಿನ ಬಗ್ಗೆ ಪ್ರಮಾಣ ಮಾಡಿದವರು ಅವರಾಗಿರುತ್ತಾರೆ.

ಚನ್ನಪಟ್ಟಣದ ಬೊಂಬೆ, ರಾಮನಗರದ ರೇಷ್ಮೆ

ಅಕ್ಕನ ಪ್ರಶ್ನೆಗೆ ಉತ್ತರ ನಮ್ಮ ಸುತ್ತಮುತ್ತಲೇ ಇತ್ತು ಅನ್ನಿಸುತ್ತೆ. ಏಷ್ಯಾದಲ್ಲೇ ದೊಡ್ಡದು ಅನ್ನಿಸಿಕೊಂಡ ರೇಷ್ಮೆಗೂಡಿನ ಮಾರುಕಟ್ಟೆ ಇರೋದು ರಾಮನಗರದಲ್ಲಿ. ಅಂಥ ಸೀಮೆಯ ಹೆಂಗಸರಿಗೆ ಸೀರೆಯ ಎಳೆ ಸುಟ್ಟು ನೋಡೋದು ಗೊತ್ತು. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಂಟಾದರೆ ಪಾಲಿಯೆಸ್ಟರ್. ಹಾಗಂತ ಇದೇ ಹೆಂಗಸರು ಆರ್ಟ್ ಸಿಲ್ಕ್ ಸೀರೆ ಉಡಲ್ವಾ? ಉಡ್ತಾರೆ, ಸಂತೋಷವಾಗಿ. ಅಂಗಡಿಯವನು ‘ಆರ್ಟ್ ಸಿಲ್ಕ್’ ಅಂತ ಹೇಳಿ ಸಾವಿರ ರೂಪಾಯಿಗೆ ಕೊಟ್ಟರೆ ಯಾರ ದೂರೂ ಇಲ್ಲ. ಅದನ್ನೇ ‘ಪ್ಯೂರ್’ ಅಂತ ಹನ್ನೆರಡು ಸಾವಿರಕ್ಕೆ ಕೊಟ್ಟರೆ ಜಗಳ. ಸೀರೆ ಅದೇ, ಮೋಸ ಸೀರೆಯಲ್ಲಿಲ್ಲ, ಮಾತಿನಲ್ಲಿದೆ.

ಚನ್ನಪಟ್ಟಣದ ಬೊಂಬೆಯದ್ದೂ ಇದೇ ಕಥೆ. ಆಲೆ ಮರವನ್ನು ಲೇತ್‌ಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮಾಡುವ ಆ ಬೊಂಬೆಗೆ ಜಿಐ ಮಾನ್ಯತೆ ಇದೆ. ಬೇರೆ ಕಡೆ ಮಾಡಿದ ಮರದ ಬೊಂಬೆಯೇನೂ ಪಾಪ ಅಲ್ಲ. ಆದರೆ ಅದಕ್ಕೆ ಚನ್ನಪಟ್ಟಣದ ಹೆಸರು ಅಂಟಿಸಿ ಮಾರಿದರೆ, ಇಲ್ಲಿ ಲೇತ್ ಮುಂದೆ ಕೂತವರ ದುಡಿಮೆಯನ್ನು ಕಿತ್ತುಕೊಂಡ ಹಾಗೆ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. ಕೋಟಿವಂತ ಎರಡು ಲಕ್ಷ ಕೊಡೋದು ಕಣ್ಣಿಗೆ ಕಾಣೋ ಚೆಂದಕ್ಕೆ. ಉಳಿದ ಏಳು ಲಕ್ಷ ಕೊಡೋದು ಕಣ್ಣಿಗೆ ಕಾಣದೇ ಇರೋದಕ್ಕೆ, ಅಂದರೆ ಕಾರಿನ ಚರಿತ್ರೆಗೆ. ಅಬಿಂಗ್ಡನ್ ಕಾರ್ಮಿಕರು, ಹಡಗು, 1948, ಇದೆಲ್ಲ ಸೇರಿದ ಕಥೆಗೆ. ನಮ್ಮ ಹತ್ತಿರ ಆ ಕಥೆ ಇಲ್ಲ. ಇಲ್ಲದ್ದನ್ನು ಮಾರೋದು ಹೇಗೆ?

ಅಕ್ಕ ಸುಮ್ಮನಾಗಲಿಲ್ಲ. ‘ನೀತಿ ಹೇಳೋಕೆ ನಿನ್ನ ಮನೆ ಸೋರ್ತಿಲ್ಲ’ ಅಂದಳು. ಅದೂ ನಿಜ.

ದೊಡ್ಡಮ್ಮನ ಲೆಕ್ಕ

ನಮ್ಮಿಬ್ಬರ ಜಗ್ಗಾಟವನ್ನು ದೊಡ್ಡಮ್ಮ ಮೂರು ವಾರ ಕೇಳಿಸಿಕೊಂಡರು. ಕಾನೂನು, ಕೋರ್ಟು, ಬೆಂಟ್ಲಿ ಯಾವುದೂ ಅವರಿಗೆ ಮುಖ್ಯ ಅನ್ನಿಸಲಿಲ್ಲ. ಒಂದು ಸಂಜೆ ರಾಗಿ ಕೇರುತ್ತಾ ಕೂತಿದ್ದವರು ಮೊರ ಕೆಳಗಿಟ್ಟು ಕೇಳಿದರು.

‘ಅಲ್ಲ, ಆ ದಲ್ಲಾಳಿ ಹೇಳ್ದಂಗೆ ಮಾಡುದ್ರೆ, ಈ ಗಾಡಿ ಕಟ್ಟಿದ್ದು ಯಾರು ಅಂತ ಆಯ್ತದೆ?’

‘ಇಂಗ್ಲೆಂಡಿನವರು ಅಂತ.’

‘ನಿಮ್ ದೊಡ್ಡಪ್ಪ?’

‘ಅವರ ಹೆಸರು ಬರಲ್ಲ ದೊಡ್ಡಮ್ಮ. 1948ರಲ್ಲಿ ತಗೊಂಡ ಮನೆಯವರ ಮಗ ಅಂತ ಬೇಕಾದರೆ ಬರಬಹುದು.’

‘ಮೂರೊರ್ಸ ಭಾನ್ವಾರ ಅಂತ ಒಂದಿನ ನನ್ ಜೊತೆ ಕೂತು ಉಂಡೋರಲ್ಲ. ಹೆಬ್ಬೆಟ್ಟು ಜಜ್ಜುಕೊಂಡು ಉಗುರೇ ಉದುರೋಯ್ತು. ಆ ಕೈಕೆಲ್ಸಾನ ಇಂಗ್ಲಿಷ್ನೋರ ಹೆಸರಲ್ಲಿ ಯಾಕ್ ಮಾರ್ಬೇಕು? ಎರಡಾದ್ರೆ ಎರಡು. ಅವರ್ದು ಅಂತ ಹೇಳಿ ಮಾರಿ.’

ನಾನು ಅಲ್ಲಿವರೆಗೆ ಸುಳ್ಳಿನಿಂದ ಮೋಸ ಹೋಗೋನು ಕೊಳ್ಳುವವನು ಅಂತಷ್ಟೇ ಯೋಚಿಸಿದ್ದೆ. ಕಟ್ಟಿದವರೂ ಮಾಯವಾಗ್ತಾರೆ ಅನ್ನೋದನ್ನು ದೊಡ್ಡಮ್ಮ ತೋರಿಸಿಕೊಟ್ಟರು. ಅಸಲಿ ಎಂಜಿ ಅಂತ ಮಾರಿದ್ದರೆ ಅದು 10 ಸಾವಿರದಲ್ಲೊಂದು. ದೊಡ್ಡಪ್ಪನ ನಕಲು ಅಂತ ಮಾರಿದರೆ ಅಂಥದ್ದು ಜಗತ್ತಿನಲ್ಲಿ ಒಂದೇ.

ಅಕ್ಕನೂ ಆಮೇಲೆ ಮಾತಾಡಲಿಲ್ಲ.

ಕೊಂಡವರು

ಸುದ್ದಿ ಬಾಯಿಂದ ಬಾಯಿಗೆ ಹೋಗಿ ಮೈಸೂರಿನ ಒಬ್ಬ ನಿವೃತ್ತ ಎಂಜಿನಿಯರ್ ಬಂದರು. ಅವರದು ಜಾವಾ ಹುಚ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕು ತಯಾರಾಗುತ್ತಿದ್ದದ್ದು, 1996ರಲ್ಲಿ ಅದು ಮುಚ್ಚಿದ್ದು, 2018ರಲ್ಲಿ ಬೇರೆ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಬೈಕು ತಂದದ್ದು ಎಲ್ಲ ಬಾಯಿಪಾಠ. ‘ಹೊಸ ಜಾವಾ ಅಸಲಿಯಾ ಸಾರ್?’ ಅಂತ ಕೇಳಿದೆ. ನಕ್ಕರು. ‘ಜಾವಾ ಅನ್ನೋ ಹೆಸರೇ ಜೆಕ್‌ನ ಯಾನೆಚೆಕ್ ಅನ್ನೋರು ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲಕ್ಷರ ಸೇರ್ಸಿ ಮಾಡಿದ್ದು. ಮೊದಲ ಜಾವಾನೇ ಇನ್ನೊಬ್ಬರ ಡಿಸೈನು. ಇನ್ನೆಲ್ಲಿ ಹುಡುಕ್ತೀರಿ ಅಸಲಿನ?’

ಅವರು ಕಾರಿನ ಕೆಳಗೆ ನುಸುಳಿ ಅರ್ಧ ಗಂಟೆ ನೋಡಿದರು. ಬೆಸುಗೆಗಳ ಮೇಲೆ ಬೆರಳಾಡಿಸಿದರು. ಹಲಸಿನ ಮರದ ಜೋಡಣೆಗಳನ್ನು ಟಾರ್ಚು ಹಾಕಿ ನೋಡಿದರು. ಆಮೇಲೆ ಕೇಳಿದ್ದು ಒಂದೇ: ‘ಲೆಕ್ಕ ಬರೆದಿಟ್ಟಿದ್ದಾರಾ?’

ಇತ್ತು. 200 ಪುಟದ ಒಂದು ರೂಲ್ಡ್ ನೋಟ್‌ಬುಕ್. ಹಳೇ ಪತ್ರಿಕೆಯೊಂದರಿಂದ ಕತ್ತರಿಸಿ ಅಂಟಿಸಿದ ಟಿಸಿಯ ಫೋಟೋ. ಅದರ ಮೇಲೆ ಚೌಕಳಿ ಎಳೆದು ಅಳತೆ ತೆಗೆದ ಪುಟಗಳು. ಯಾವ ಭಾನುವಾರ ಯಾವ ಕೆಲಸ, ಯಾರಿಗೆ ಎಷ್ಟು ಕೂಲಿ, ಚಾನೆಲ್ ಕಬ್ಬಿಣದ ತೂಕ, ಬಣ್ಣದ ಡಬ್ಬಿಗಳ ಲೆಕ್ಕ. ಒಂದು ಪುಟದಲ್ಲಿ ‘ಎಡ ಮಡ್‌ಗಾರ್ಡು ಮೂರನೇ ಸಲ. ಈಗ ಸರಿ’ ಅಂತಷ್ಟೇ ಇತ್ತು.

ಅವರು ಮೂರು ಲಕ್ಷ ಹತ್ತು ಸಾವಿರ ಹೇಳಿದರು. ದಲ್ಲಾಳಿ ಹೇಳಿದ್ದಕ್ಕಿಂತ ಒಂದು ಲಕ್ಷದ ಹತ್ತು ಸಾವಿರ ಜಾಸ್ತಿ. ‘ಇದು ಎಂಜಿ ಅಂತಲ್ಲ. ಇದು ಹೇಗೆ ಆಯ್ತು ಅಂತ ಗೊತ್ತಿರೋದಕ್ಕೆ’ ಅಂದರು. ಅಂದರೆ ನಮ್ಮ ಹತ್ತಿರವೂ ಮಾರೋಕೆ ಒಂದು ಚರಿತ್ರೆ ಇತ್ತು. ಅದು 1948ರದಲ್ಲ, 1989ರದ್ದು.

ಕರಾರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆವು: ಎಂಜಿ ಟಿಸಿ ಮಾದರಿಯ ಕೈಕಟ್ಟಿನ ನಕಲು, ಪದ್ಮಿನಿ ಎಂಜಿನ್, ರಸ್ತೆಗೆ ಅರ್ಹವಲ್ಲ, ಪ್ರದರ್ಶನಕ್ಕೆ ಮಾತ್ರ. ಆರ್‌ಸಿ ರದ್ದತಿಗೆ ಅರ್ಜಿ ಕೊಟ್ಟೆವು. ಪೇಟೆಯಲ್ಲಿ ಒಂದು ಹಿತ್ತಾಳೆ ಫಲಕ ಕೆತ್ತಿಸಿ ಡ್ಯಾಶ್‌ಬೋರ್ಡಿಗೆ ಹಾಕಿಸಿದೆವು. ದೊಡ್ಡಪ್ಪನ ಹೆಸರು, ಅದರ ಕೆಳಗೆ ‘ಮಾಗಡಿ, 1989–1992’.

ನೀವು ಕೊಳ್ಳೋದಾದರೆ

ಹಳೇ ಆಕಾರದ ಕಾರು, ಜೀಪು, ಬೈಕು ಕೊಳ್ಳುವ ಆಸೆ ನಮ್ಮ ವಯಸ್ಸಿನ ಎಷ್ಟೋ ಜನಕ್ಕಿದೆ. ಆಸೆ ತಪ್ಪಲ್ಲ. ನಾನು ಮಾರುವ ಕಡೆಯಿಂದ ಕಲಿತದ್ದು ಕೊಳ್ಳುವ ಕಡೆಗೂ ಉಪಯೋಗಕ್ಕೆ ಬರಬಹುದು. ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ. ಆರ್‌ಸಿಯಲ್ಲಿರುವ ತಯಾರಕರ ಹೆಸರು, ವರ್ಷ, ಮೈಯ ವಿಧ ಓದಿ; ಎದುರಿಗಿರುವ ಗಾಡಿಯ ಚಾಸಿ ನಂಬರ್, ಎಂಜಿನ್ ನಂಬರ್ ಕಣ್ಣಾರೆ ತಾಳೆ ನೋಡಿ. ಮಾರುವವರು ‘ರಿಸ್ಟೋರ್ ಮಾಡಿದ್ದು’ ಅಂದರೆ ಏನೇನು ಬದಲಾಗಿದೆ ಅಂತ ಪಟ್ಟಿ ಕೇಳಿ. ‘ನಮ್ಮ ತಾತನ ಕಾಲದಿಂದ ಇದೆ’ ಅಂದರೆ ಆ ಕಾಲದ ಒಂದು ಕಾಗದ ಕೇಳಿ. ನಕಲು ಅಂತ ಹೇಳಿಯೇ ಮಾರಿದರೆ, ಕಟ್ಟಿದವರು ಯಾರು, ಬ್ರೇಕು ಸ್ಟೀರಿಂಗು ಯಾವ ಗಾಡಿಯದ್ದು, ರಸ್ತೆಗಿಳಿಸಬಹುದಾ ಅಂತ ಕೇಳಿ. ಹೇಳಿದ್ದೆಲ್ಲ ಕರಾರಿನಲ್ಲಿ ಬರಲಿ.

ಉತ್ತರ ನೇರವಾಗಿ ಬಂದರೆ, ನಕಲಿಗೆ ನಾಚಿಕೊಳ್ಳಬೇಕಾಗುತ್ತೆ, ನಕಲಿಗೆ ಮೋಸ ಹೋಗಬೇಕಾಗುತ್ತೆ ಅನ್ನೋ ಭಯ ಬೇಡ. ಅದು ನಕಲು. ಅದನ್ನು ನಕಲು ಅಂತಲೇ ಹೇಳಿ ನೆಂಟರಿಗೆ ತೋರಿಸಬಹುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು.

ಮೂರು ಲಕ್ಷದ ಹತ್ತು ಸಾವಿರಕ್ಕೆ ತಾರಸಿ ಬರಲಿಲ್ಲ. ಕೊಳೆತಿದ್ದ ತೊಲೆಗಳನ್ನು ಬದಲಾಯಿಸಿ, ಮಂಗಳೂರು ಹೆಂಚು ಹೊದಿಸಿ, ಗೋಡೆಗೆ ಸುಣ್ಣ ಹೊಡೆಸಿದ್ದಾಯ್ತು. ಈ ಮಳೆಗಾಲದಲ್ಲಿ ಎರಡು ಕೋಣೆ ಒಣಗಿವೆ, ಅಡುಗೆಮನೆ ಮೂಲೆ ಇನ್ನೂ ಸ್ವಲ್ಪ ತೊಟ್ಟಿಕ್ಕುತ್ತೆ. ಅಕ್ಕ ಬಂದಾಗಲೆಲ್ಲ ಆ ಮೂಲೆಗೆ ಪಾತ್ರೆ ಇಟ್ಟು ನನ್ನ ಕಡೆ ಒಂದು ಸಲ ನೋಡ್ತಾಳೆ.

ಕಾರನ್ನು ಲಾರಿಗೆ ಹತ್ತಿಸುವ ಹೊತ್ತಿಗೆ ಮೈಸೂರಿನವರು ನೋಟ್‌ಬುಕ್ ಕೇಳಿದರು. ಅದು ಗಾಡಿಯ ಜೊತೆಗೇ ಇರಬೇಕಾದ ದಾಖಲೆ ಅಂತ ಅವರ ವಾದ. ನಾನೂ ಹೂಂ ಅಂದೆ. ದೊಡ್ಡಮ್ಮ ಒಪ್ಪಲಿಲ್ಲ. ನನ್ನ ಕೈಗೆ ಐನೂರು ರೂಪಾಯಿ ಕೊಟ್ಟು ಜೆರಾಕ್ಸ್ ಅಂಗಡಿಗೆ ಅಟ್ಟಿದರು.

‘ಅವ್ರಿಗೆ ನಕಲು ಕೊಡು. ಅಸಲು ನನ್ನತ್ರ ಇರ್ಲಿ.’